ರಿಫಂಡ್ ಕೇಳಿ ಬಂದವನು

"ಬಾಬುಲಾಲ ಅಂದ್ರ ನೀವ ಏನ್ರಿ?"

ಬಾಗಿಲಿಂದ ಬಂದ ಆ ದನಿಗೆ ಒಳಗೆ ಬೆಸುಗೆ ಹಾಕುತ್ತಿದ್ದ ಫರಹತಳ ಕೈ ಅಲ್ಲೇ ನಿಂತಿತು.

ಇಂಡಿ ಊರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಮನೆ. ಮುಂದಿನ ಕೋಣೆಯೇ ಅಂಗಡಿ. ಅವಳ ಅಬ್ಬಾ ಬಾಬುಲಾಲ ಅಲ್ಲಿ ಮೂವತ್ತು ವರ್ಷ ರೇಡಿಯೋ, ಟಿವಿ ರಿಪೇರಿ ಮಾಡಿದವರು. ಕಣ್ಣು ಮಂಜಾದ ಮೇಲೆ ಬಾಗಿಲ ಬಳಿಯ ಕುರ್ಚಿ ಅವರದು, ಒಳಗಿನ ಟೇಬಲ್ಲು ಮಗಳದು.

"ಹೌದಪ್ಪಾ, ನಾನ. ನೀ ಯಾರ ತಮ್ಮಾ?"

"ನಾ ಜಾಹಿದ. ಮೋರಟಗಿಯಿಂದ ಬಂದೇನಿ. ನೀವು ಯಾರನ್ನ ಕಳ್ಳ ಅಂತ ಬರದ್ರಿ ನೋಡ್ರಿ... ಅಂವ!"

ಫರಹತ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟಳು.

ಅವನು ಕೈಯಲ್ಲಿದ್ದ ದೊಡ್ಡ ರಟ್ಟಿನ ಡಬ್ಬಿಯನ್ನು ಅಬ್ಬಾನ ಕಾಲ ಬಳಿ ಇಟ್ಟ. ಅಷ್ಟು ಸಿಟ್ಟಿನಲ್ಲೂ ಮೆಲ್ಲಗೆ ಇಟ್ಟ. ಒಳಗೆ ಗಾಜಿದೆ ಎಂದು ಬಲ್ಲವರು ಇಡುವ ಹಾಗೆ. ಫರಹತಳ ಕಣ್ಣಿಗೆ ಅದು ಬಿತ್ತು. ಬೀಳಬಾರದಿತ್ತು ಅನ್ನಿಸಿತು.

"ನಾನು? ಕಳ್ಳ ಅಂತ? ನಾ ಯಾವಾಗ ಬರದೆ ತಮ್ಮಾ? ನನಗ ಮೊಬೈಲ್‌ನ್ಯಾಗ ಅಕ್ಷರಾನ ಕಾಣಂಗಿಲ್ಲ..." ಅಬ್ಬಾ ಗಾಬರಿಯಾಗಿ ಎದ್ದು ನಿಲ್ಲಲು ನೋಡಿದರು.

ಇನ್ನು ಒಳಗೆ ನಿಲ್ಲಲು ಅವಳಿಂದ ಆಗಲಿಲ್ಲ.

"ಅಬ್ಬಾಗ ಏನೂ ಗೊತ್ತಿಲ್ರಿ. ಅದನ್ನ ಬರದಾಕಿ ನಾನು!"

ಜಾಹಿದ ತಿರುಗಿ ನೋಡಿದ. ಎಣ್ಣೆ ಕಾಣದ ಕೂದಲು, ನಿದ್ದೆಯಿಲ್ಲದ ಕಣ್ಣು, ಇಸ್ತ್ರಿ ಇದ್ದೂ ಮುದುಡಿದ ಅಂಗಿ.

"ನೀವು ಯಾರ್ರಿ?"

"ಫರಹತ. ಇವರ ಮಗಳು. ಖಾತೆ ಅಬ್ಬಾನ ಹೆಸರಿನ್ಯಾಗ ಐತಿ. ರಿಪೇರಿ ಮಾಡಾಕಿ, ಮಾರಾಕಿ, ಮಾತಾಡಾಕಿ... ಎಲ್ಲಾ ನಾನ."

ಅವನ ಮುಖದಲ್ಲಿದ್ದ ಸಿಟ್ಟು ಒಮ್ಮೆಲೇ ಬೇರೆ ಏನೋ ಆಯಿತು.

"ಅಂದ್ರ... ಮೂರು ತಿಂಗಳಿಂದ ನಾ ಚಾಚಾ, ಚಾಚಾ ಅಂತ ಮೆಸೇಜ್ ಮಾಡಿದ್ದು...?"

"ನನಗ." ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ನಾಲ್ಕು ವರ್ಷದಿಂದ ಫರಹತ ಹಳೇ ಉಪಕರಣಗಳನ್ನು ತರಿಸಿ, ರಿಪೇರಿ ಮಾಡಿ, ಆನ್‌ಲೈನ್ ಹರಾಜಿನ ಸೈಟಿನಲ್ಲಿ ಮಾರುತ್ತಿದ್ದಳು. ಹೆಣ್ಣುಮಗಳ ಹೆಸರು ಹಾಕಿದಾಗ ಸಾಮಾನಿನ ಬಗ್ಗೆ ಕೇಳುವವರಿಗಿಂತ ಅವಳ ಬಗ್ಗೆ ಕೇಳುವವರೇ ಹೆಚ್ಚಾದರು. ಅದಕ್ಕೇ ಅಬ್ಬಾನ ಹೆಸರು.

ಜಾಹಿದ ಮೋರಟಗಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ರೇಡಿಯೋ ಕಟ್ಟುವುದು ಅವನ ಹುಚ್ಚು. ಅವಳು ಹರಾಜಿಗೆ ಇಟ್ಟಿದ್ದ ಒಂದು ಆಸಿಲೋಸ್ಕೋಪ್ ಮೇಲೆ ಅವನ ಕಣ್ಣು ಬಿದ್ದಿತ್ತು. ಸರ್ಕ್ಯೂಟಿನಲ್ಲಿ ಓಡುವ ಅಲೆಯನ್ನು ಪರದೆಯ ಮೇಲೆ ತೋರಿಸುವ ಯಂತ್ರ ಅದು. ಹವ್ಯಾಸದವರ ಬಾಯಲ್ಲಿ ಬರೀ 'ಸ್ಕೋಪ್'. ಮೊದಲು ಅದರ ಬಗ್ಗೆ ಕೇಳಿದ. ಆಮೇಲೆ ತನ್ನ ರೇಡಿಯೋ ಯಾಕೆ ಗೊರಗುಡುತ್ತದೆ ಅಂತ ಕೇಳಿದ. ಆಮೇಲೆ ದಿನಾ ಏನಾದರೂ ಒಂದು.

ಒಂದು ಸಂಜೆ ಹೀಗೆ ಬರೆದಿದ್ದ: 'ಮನ್ಯಾಗ ನನಗ ಹುಡುಗಿ ನೋಡಾಕತ್ತಾರ ಚಾಚಾ. ಬ್ಯಾರೆ ಏನೂ ಬ್ಯಾಡ. ನಾ ಈ ತಂತಿಗೋಳ ಮುಂದ ಕುಂತ್ರ ನಗದಂಗ ಇರಾಕಿ ಸಿಕ್ರ ಸಾಕು. ಇದನ್ನ ಮತ್ತ ಯಾರ ಮುಂದೂ ಹೇಳಿಲ್ಲ.'

ಫರಹತ ಅದನ್ನು ಎಷ್ಟು ಸಲ ಓದಿದಳೋ! ಉತ್ತರ ಬರೆದಳು, ಅಳಿಸಿದಳು. ಬರೆದಳು, ಅಳಿಸಿದಳು...

ಹರಾಜು ಅವನಿಗೇ ಆಯಿತು. ಸ್ಕೋಪ್ ಹೋಯಿತು. ಎರಡನೇ ದಿನ ಮೆಸೇಜ್ ಬಂತು: 'ಚಾಲೂ ಆಗವಲ್ಲದು ಚಾಚಾ.' ಜೊತೆಗೆ ಮುಚ್ಚಳ ತೆಗೆದ ಫೋಟೋ.

ಆ ಫೋಟೋವನ್ನು ಅವಳು ದೊಡ್ಡದು ಮಾಡಿ ನೋಡಿದಳು. ತಾನು ರಿಪೇರಿ ಮಾಡಿದ ಪ್ರತಿ ಸರ್ಕ್ಯೂಟ್ ಬೋರ್ಡಿನ ಮೂಲೆಗೂ ಅವಳು ಕೆಂಪು ನೇಲ್ ಪಾಲಿಶಿನ ಒಂದು ಚುಕ್ಕೆ ಇಡುತ್ತಿದ್ದಳು. ಫೋಟೋದಲ್ಲಿದ್ದ ಬೋರ್ಡಿಗೆ ಚುಕ್ಕೆಯೇ ಇಲ್ಲ!

ಹೋದ ವರ್ಷ ಯಾರೋ ಒಬ್ಬ ಹೀಗೇ ರಿಫಂಡ್ ಪಡೆದು, ವಾಪಸ್ ಕಳಿಸಿದ ಡಬ್ಬಿಯಲ್ಲಿ ಕಲ್ಲು ತುಂಬಿದ್ದ. ಅವನ ಮೇಲೆ ಬರೀ ಸಿಟ್ಟು ಬಂದಿತ್ತು. ಈಗ ಆದದ್ದು ಸಿಟ್ಟಲ್ಲ. *ಇವನೂನಾ? ಇಷ್ಟು ಮಾತಾಡಿ... ಇವನೂನಾ?*

ಕಣ್ಣೀರಲ್ಲೇ ಟೈಪ್ ಮಾಡಿದಳು. ಸೈಟಿನಲ್ಲೂ ಬರೆದಳು, ಜಿಲ್ಲೆಯ ಹವ್ಯಾಸಿಗಳ ಗ್ರೂಪಿನಲ್ಲೂ ಹಾಕಿದಳು: 'ಮೋರಟಗಿಯ ಈ ಮಾಸ್ತರ ಒಳ್ಳೇ ಬೋರ್ಡ್ ಕದ್ದು, ಸತ್ತ ಬೋರ್ಡ್ ಹಾಕಿ ರಿಫಂಡ್ ಕೇಳುತ್ತಿದ್ದಾನೆ. ಹುಷಾರು.'

ಇವತ್ತು ಸಂಜೆ ಐದಕ್ಕೆ ಸೈಟಿನವರು ತೀರ್ಮಾನ ಹೇಳುವವರಿದ್ದರು. ಗೋಡೆಯ ಗಡಿಯಾರದಲ್ಲಿ ಮೂರೂವರೆ.

"ಬಿಚ್ರಿ," ಅಂದ ಜಾಹಿದ, ಡಬ್ಬಿಯನ್ನು ಟೇಬಲ್ ಮೇಲಿಟ್ಟು. "ನನ್ನ ಮುಂದ ಬಿಚ್ರಿ. ನಾ ಏನು ಕದ್ದೇನಿ, ಕೈ ಇಟ್ಟು ತೋರಸ್ರಿ."

ಫರಹತ ಸ್ಕ್ರೂ ತೆಗೆದಳು. ಒಂದು, ಎರಡು, ಮೂರು, ನಾಲ್ಕು. ಮುಚ್ಚಳ ಎತ್ತಿದಳು.

"ನೋಡ್ರಿ! ಚುಕ್ಕಿ ಎಲ್ಲೈತಿ? ಇದು ನನ್ನ ಕೈಯಾಗ ರಿಪೇರಿ ಆದ ಬೋರ್ಡ್ ಅಲ್ಲ!"

"ನೀವು ಕಳಿಸಿದ್ದು ಇದನ್ನ!"

"ಸುಳ್ಳ!"

"ಖುದಾನ ಆಣಿ..." ಅವನು ಎರಡೂ ಕೈ ಮುಂದೆ ಚಾಚಿದ. "ನಾ ಮುಚ್ಚಳ ಬಿಚ್ಚಿ ಫೋಟೋ ತಗದೆ. ಅಷ್ಟ. ಒಳಗ ಕೈಬಟ್ಟ ಸುದ್ದಾ ಹಚ್ಚಿಲ್ಲ."

ಆ ಕಣ್ಣು ನೋಡಿ ಅವಳು ಒಂದು ಕ್ಷಣ ತಡವರಿಸಿದಳು. ಆದರೆ ಸೋಲಲು ಮನಸ್ಸಿಲ್ಲ.

"ಇದರ ಜೋಡಿದು ಇನ್ನೊಂದು ಐತಿ, ಅಟ್ಟದ ಮ್ಯಾಲ. ಸತ್ತದ್ದು, ಬಿಡಿಭಾಗಕ್ಕಂತ ಇಟ್ಟದ್ದು. ನಾ ರಿಪೇರಿ ಮಾಡದ ಬೋರ್ಡ್ ಹೆಂಗಿರತದ, ತಂದು ಬಾಜೂಕ ಇಟ್ಟು ತೋರಸ್ತೇನಿ. ಆವಾಗ ಮಾತಾಡ್ರಿ!"

ಏಣಿ ಹತ್ತಿದಳು. ಅಟ್ಟದಲ್ಲಿ ಸೆಖೆ. ಹಳೇ ಹಾಸಿಗೆ ಹೊದಿಕೆಯ ಕೆಳಗಿತ್ತು ಆ ಸ್ಕೋಪ್. ಅದೇ ಕಂಪನಿ, ಅದೇ ಬೂದು ಬಣ್ಣ. ಮೊಬೈಲಿನ ಟಾರ್ಚ್ ಹಾಕಿ, ಸ್ಕ್ರೂ ಬಿಚ್ಚಿ ಮುಚ್ಚಳ ಸರಿಸಿದಳು.

ಬೋರ್ಡಿನ ಮೂಲೆಯಲ್ಲಿ ಕೆಂಪು ಚುಕ್ಕೆ!

ಟಾರ್ಚನ್ನು ಇನ್ನೂ ಹತ್ತಿರ ಹಿಡಿದಳು.

*ಯಾ ಅಲ್ಲಾ...*

ಎಲ್ಲವೂ ಒಂದರ ಹಿಂದೆ ಒಂದು ನೆನಪಿಗೆ ಬಂತು. ಮುದ್ದೇಬಿಹಾಳದವರು ಅವಳನ್ನು ನೋಡಲು ಬರುವ ದಿನ ಅದು. "ಲಗೂ ಲಗೂ ಟೇಬಲ್ ಖಾಲಿ ಮಾಡು ಫರಹತ, ಬಂದವರು ಕೂಡೂದು ಎಲ್ಲಿ?" ಎಂದು ಅಮ್ಮೀ ಪೀರಬಿ ಅವಸರ ಮಾಡಿದ್ದಳು. ರಿಪೇರಿ ಮಾಡಿ ಪರೀಕ್ಷಿಸಿದ್ದು, ಸತ್ತದ್ದು, ಎರಡನ್ನೂ ಎತ್ತಿ ಅಟ್ಟಕ್ಕೆ ಹಾಕಿದ್ದಳು. ಮರುದಿನ ಬೆಳಿಗ್ಗೆಯೇ ಫೋನ್ ಬಂತು. "ಹುಡುಗಿ ಕೈಬಟ್ಟಿಗೆ ಸುಟ್ಟ ಕಲಿ ಅದಾವ, ಬ್ಯಾಡ." ಆ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿರುವಾಗಲೇ ಕೈಗೆ ಸಿಕ್ಕ ಸ್ಕೋಪ್ ಇಳಿಸಿ, ಇನ್ನೊಮ್ಮೆ ಚಾಲೂ ಮಾಡಿ ನೋಡದೆ ಪ್ಯಾಕ್ ಮಾಡಿದ್ದಳು.

ಕಳಿಸಿದ್ದು ಸತ್ತದ್ದು! ಅವನು ಹೇಳಿದ್ದೆಲ್ಲಾ ಖರೆ!

ಒಂದು ಕೆಟ್ಟ ಯೋಚನೆ ಮೆಲ್ಲಗೆ ತಲೆಯೆತ್ತಿತು. *ಮುಚ್ಚಿಬಿಡು. ಸಿಗಲಿಲ್ಲ ಅನ್ನು. ಯಾರಿಗೆ ಗೊತ್ತಾಗತದ? ನಾಲ್ಕು ವರ್ಷದ ಖಾತೆ, ಅಬ್ಬಾನ ಹೆಸರು... ಎಲ್ಲಾ ಉಳೀತದ...*

ಕೆಳಗೆ ಮಾತು ಕೇಳಿಸುತ್ತಿತ್ತು.

"ಚಾಚಾ, ಸಿಟ್ಟಿನ್ಯಾಗ ನಿಮಗ ಜೋರ ಮಾಡಿದೆ. ಮಾಫ್ ಮಾಡ್ರಿ."

"ಇರಲಿ ತಮ್ಮಾ. ನನ್ನ ಮಗಳು ಬೇಕಂತ ಸುಳ್ಳ ಬರಿಯಾಕಿ ಅಲ್ಲ. ತಪ್ಪು ತಿಳಕೊಂಡಿದ್ರ, ಗೊತ್ತಾದ ಗಳಿಗಿಗೆ ತಾನ ಹೇಳ್ತಾಳ ನೋಡು."

ಫರಹತ ತುಟಿ ಕಚ್ಚಿಕೊಂಡಳು. ಸ್ಕೋಪನ್ನು ಎದೆಗವಚಿ ಒಂದೊಂದೇ ಮೆಟ್ಟಿಲು ಇಳಿದಳು.

ಟೇಬಲ್ ಮೇಲಿಟ್ಟು ಪ್ಲಗ್ ಹಾಕಿದಳು. ಮೂರು ನಾಲ್ಕು ಸೆಕೆಂಡು ಕತ್ತಲು. ಆಮೇಲೆ ಪರದೆಯ ಮೇಲೆ ಒಂದು ಹಸಿರು ಗೆರೆ ಮೂಡಿತು.

"ನಿಮ್ಮ ಸ್ಕೋಪ್ ಇದು," ಅಂದಳು. ತಲೆ ಎತ್ತಲಾಗಲಿಲ್ಲ. "ನಾ ಕಳಿಸಿದ್ದ ಸತ್ತದ್ದನ್ನ. ನೀವು ಏನೂ ಕದ್ದಿಲ್ಲ. ತಪ್ಪು... ಎಲ್ಲಾ ನಂದ."

ಅಬ್ಬಾ ಕಣ್ಣು ಮುಚ್ಚಿಕೊಂಡರು.

ಅವನೆದುರೇ ಮೊಬೈಲ್ ತೆಗೆದಳು. ಪೂರ್ತಿ ರಿಫಂಡಿಗೆ ಒಪ್ಪಿಗೆ ಕೊಟ್ಟಳು. ಗ್ರೂಪಿನಲ್ಲಿ ಬರೆದಳು: 'ಜಾಹಿದ ಮಾಸ್ತರ ಕಳ್ಳ ಅಲ್ಲ. ಕೆಟ್ಟ ಸಾಮಾನು ಕಳಿಸಿದವಳು ನಾನು. ಫರಹತ, ಬಾಬುಲಾಲರ ಮಗಳು.' ಗಂಟೆ ನಾಲ್ಕೂ ನಲವತ್ತು.

ಜಾಹಿದ ಓದಿದ. ಆದರೂ ಮುಖ ಅರಳಲಿಲ್ಲ.

"ಎಂಟು ದಿನ ಆತು. ಸಾಲ್ಯಾಗ ಹುಡುಗರು ನನ್ನ ನೋಡಿ ಕುಸುಕುಸು ಅಂತಾರ. ಹೆಡ್ ಮಾಸ್ತರು ಲ್ಯಾಬಿನ ಕೀಲಿಕೈ ಇಸಗೊಂಡಾರ. ಅದು ಹೋಗಲಿ..." ಅವನು ಅವಳ ಕಡೆ ತಿರುಗಿದ. "ಚಾಚಾ ಅಂತ ತಿಳದು ನಾ ನನ್ನ ಮನಸ್ಸು ಬಿಚ್ಚಿ ಹೇಳಿದ್ದೆ. ನೀವು ಓದಿ ಸುಮ್ಮ ಕುಂತ್ರಿ. ಅದರ ರಿಫಂಡ್ ಯಾರ ಕೊಡ್ತಾರ್ರಿ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಅಬ್ಬಾಗೆ ಸಲಾಂ ಹೇಳಿ ಓಣಿಗೆ ಇಳಿದಿದ್ದ. ಎರಡೂ ಸ್ಕೋಪ್ ಟೇಬಲ್ ಮೇಲೇ ಉಳಿದವು.

ಸೈಟಿನವರು ಅವಳ ಖಾತೆಯನ್ನು ಮೂರು ತಿಂಗಳು ಮುಚ್ಚಿದರು. ಅದಕ್ಕೆ ಅವಳು ಅಳಲಿಲ್ಲ. ಗ್ರೂಪಿನಲ್ಲಿ ಅವಳು ಅವನನ್ನು ಕಳ್ಳ ಎಂದಾಗ ನೂರಾರು ಜನ ಮಾತಾಡಿದ್ದರು. ತಪ್ಪು ನನ್ನದು ಎಂದಾಗ ಇಬ್ಬರು ಹೆಬ್ಬೆರಳಿನ ಲೈಕ್ ಗುರುತು ಒತ್ತಿದರು, ಅಷ್ಟೇ. ಅದಕ್ಕೆ ಅತ್ತಳು.

ಒಂಬತ್ತನೇ ದಿನ ಬೆಳಿಗ್ಗೆ ಚಾಲೂ ಇದ್ದ ಸ್ಕೋಪನ್ನು ಡಬ್ಬಿಗೆ ಹಾಕಿ ಬುರ್ಖಾ ತೊಟ್ಟಳು.

"ಎಲ್ಲಿಗೆ?" ಪೀರಬಿ ಕೇಳಿದಳು.

"ಮೋರಟಗಿಗೆ."

ಅಮ್ಮೀ ಮಗಳ ಮುಖವನ್ನು ನೋಡುತ್ತಾ ನಿಂತಳು. ಆಮೇಲೆ ತಾನೂ ಚಪ್ಪಲಿ ಮೆಟ್ಟಿದಳು. "ನಡಿ, ನಾನೂ ಬರ್ತೇನಿ. ನಿನ್ನ ಕೈಯಾಗ ಡಬ್ಬಿ, ಟಿಕೆಟ್ ಯಾರ ತಗಸ್ತಾರ?"

ಸಿಂದಗಿಯಲ್ಲಿ ಬಸ್ ಬದಲಿಸಿ ಮೋರಟಗಿಯಲ್ಲಿ ಇಳಿದಾಗ ಹನ್ನೊಂದಾಗಿತ್ತು. ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತು ಕಾಲು ಜೋಮು ಹಿಡಿದಿತ್ತು. ಹೈಸ್ಕೂಲಿನಲ್ಲಿ ಹೆಡ್ ಮಾಸ್ತರು ಸಿದ್ಧರಾಮ ಕನ್ನಡಕದ ಮೇಲಿಂದ ನೋಡಿದರು.

"ನಿಮ್ಮ ಮಾಸ್ತರ ಮ್ಯಾಲ ಕಳ್ಳತನ ಹಾಕಿದಾಕಿ ನಾನ್ರಿ. ಅದು ಸುಳ್ಳು. ಅದನ್ನ ಹೇಳಾಕ ಬಂದೇನಿ."

"ಮೊಬೈಲ್‌ನ್ಯಾಗ ಬರದೀಯಂತಲ್ಲವಾ. ಇಷ್ಟು ದೂರ ಯಾಕ ಬಂದಿ?"

"ಬೈದದ್ದನ್ನ ಎಲ್ಲಾರೂ ಓದಿದ್ರಿ ಸರ್. ತಪ್ಪಾತು ಅಂದದ್ದನ್ನ ಯಾರೂ ಓದಲಿಲ್ಲ. ಅದಕ್ಕ ಬಾಯಿಲೆ ಹೇಳ್ತೇನಿ. ಹುಡುಗರ ಮುಂದೂ ಹೇಳ್ತೇನಿ."

ಅವರು ಮೇಜಿನ ಖಾನೆ ಎಳೆದು ಲ್ಯಾಬಿನ ಕೀಲಿಕೈ ತೆಗೆದರು. "ನಡಿ. ನಂದೂ ತಪ್ಪೈತಿ. ಕೇಳದ ಇಸಗೊಂಡೆ."

ಹತ್ತನೇ ತರಗತಿಯಲ್ಲಿ ಕರಿಹಲಗೆಯ ಮುಂದಿದ್ದ ಜಾಹಿದನ ಕೈಯಿಂದ ಸೀಮೆಸುಣ್ಣ ಜಾರಿತು.

ಅವಳು ಅವನ ಕಡೆ ನೋಡಲಿಲ್ಲ. ಮಕ್ಕಳನ್ನೇ ನೋಡಿ ಎಲ್ಲಾ ಹೇಳಿದಳು. ಅಟ್ಟ, ಅವಸರ, ನೋಡದೆ ಕಳಿಸಿದ್ದು, ತಿಳಿಯದೆ ಬರೆದದ್ದು. "ನಿಮ್ಮ ಸರ್ ಖರೆ ಹೇಳಿದ್ರು. ನಾ ನಂಬಲಿಲ್ಲ." ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ, "ನಮಗೂ ಗೊತ್ತಿತ್ರಿ ಅಕ್ಕಾರ, ನಮ್ಮ ಸರ್ ಹಂಗಲ್ಲ," ಅಂದಳು. ಜಾಹಿದ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಊಟದ ಗಂಟೆ ಹೊಡೆದಾಗ ಅವನು ವರಾಂಡಕ್ಕೆ ಬಂದ. ಪೀರಬಿ ನಲ್ಲಿಯ ಹತ್ತಿರ ಬಿಸಿಯೂಟದ ಅಡುಗೆಯವರ ಜೊತೆ ಮಾತಿಗಿಳಿದಿದ್ದಳು.

"ಈ ಸ್ಕೋಪ್ ಸಾಲಿಗೆ ಕೊಟ್ಟು ಹೋಗ್ತೇನ್ರಿ," ಅಂದಳು ಫರಹತ.

"ಅಂದು ಯಾಕ ಸುಮ್ಮ ಕುಂತ್ರಿ? ಆ ಮೆಸೇಜ್ ಓದಿ?"

ಅವಳ ಬೆರಳು ಬುರ್ಖಾದ ಅಂಚು ಹಿಂಡಿತು. "ಸುಮ್ಮ ಕುಂದ್ರಲಿಲ್ರಿ. ಉತ್ತರ ಬರದು ಬರದು ಅಳಿಸಿದೆ. ಅಬ್ಬಾನ ಹೆಸರಿನಿಂದ ಹ್ಯಾಂಗ ಬರೀಲಿ... ನಾ ನಗೂದಿಲ್ಲ, ಬಾಜೂಕ ಕುಂದರ್ತೇನಿ ಅಂತ?"

ಅವನು ಒಂದು ಹೆಜ್ಜೆ ಮುಂದೆ ಬಂದ.

"ಮೋಸ ಮಾಡಿದಾಂವ ನೀವು ಅನ್ಕೊಂಡಾಗ ಅದಕ್ಕ ಎದಿ ಅಷ್ಟು ಸುಟ್ಟಿತ್ತು. ಬ್ಯಾರೆ ಯಾರರ ಆಗಿದ್ರ ಹಂಗ ಬರೀತಿದ್ದಿಲ್ಲ." ಈಗ ಅವಳು ತಲೆಯೆತ್ತಿದಳು. "ಮಾಫ್ ಮಾಡ್ರಿ ಅಂತ ಕೇಳೂದಿಲ್ಲ. ಖರೆ ಏನಿತ್ತು ಅಂತ ಹೇಳಿದೆ. ಬರ್ತೇನ್ರಿ."

"ನಿಂದರ್ರಿ!"

ನಿಂತಳು.

"ಆ ದಿನ ಮನಿಗೆ ಬಂದು ಮೆಸೇಜೆಲ್ಲಾ ಮೊದಲಿಂದ ಓದಿದೆ," ಅಂದ ಜಾಹಿದ. "ಬೈಬೇಕಂತ ಓದಿದೆ. ನಿಮ್ಮ ಮುಖ ಕಣ್ಮುಂದ ಇಟ್ಕೊಂಡು ಓದಿದ್ರ... ಬೈಯಾಕ ಬರಲಿಲ್ಲ." ವರಾಂಡದ ಕಂಬಕ್ಕೆ ಕೈ ಊರಿದ. "ಶುಕ್ರವಾರ ಅಮ್ಮೀನ ಕರ್ಕೊಂಡು ಇಂಡಿಗೆ ಬರ್ತೇನಿ."

"ಏನ್ ಕೇಳಾಕ?"

"ನಿಮ್ಮನ್ನ."

ಅವಳು ನಲ್ಲಿಯ ಕಡೆ ಅಮ್ಮೀಯನ್ನೊಮ್ಮೆ ನೋಡಿದಳು.

"ನಾ ಕೆಲಸ ಬಿಡಾಕಿ ಅಲ್ಲ ನೋಡ್ರಿ..."

"ಬಿಡ್ರಿ ಅಂದಾಂವ ಯಾಂವ?"

"ನನಗ ಸಿಟ್ಟು ಲಗೂ ಬರತದ."

"ಇಡೀ ಜಿಲ್ಲಾಕ್ಕ ಗೊತ್ತೈತಿ!"

ನಗು ತಡೆಯಲಾಗದೆ ಅವಳು ಮುಖ ತಿರುಗಿಸಿದಳು. ಹದಿನೇಳು ದಿನದ ನಂತರದ ಮೊದಲ ನಗು. ಆ ಕಡೆಯಿಂದ ಪೀರಬಿ, "ಫರಹತ, ಬಸ್ಸಿನ ಹೊತ್ತಾತು!" ಎಂದು ಕೂಗಿದಳು.

ನಾಲ್ಕು ಹೆಜ್ಜೆ ಹೋದವಳು ತಿರುಗಿದಳು.

"ಜಾಹಿದ..."

"ಹೇಳ್ರಿ."

"ಶುಕ್ರವಾರಕ್ಕ ಇನ್ನೂ ನಾಲ್ಕು ದಿನ ಐತ್ರಿ."

ಅವನು ನಕ್ಕ. ಕಣ್ಣು ತುಂಬಿಕೊಂಡೇ ನಕ್ಕ.

"ಹಂಗಾರ ನಾಳೆ ಬರ್ತೇನಿ."