ಹಲ್ಲಿ ಟೈರು

ಕೆಂಪು ಸ್ಪೋರ್ಟ್ಸ್ ಕಾರು ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ವೇಗದಲ್ಲಿ ಬಂತು. ಪಥದ ಮೇಲೆ ಬೇಕೆಂದೇ ಹರಿಸಿದ್ದ ನೀರು ಆಳೆತ್ತರ ಚಿಮ್ಮಿತು. ಬಿಳಿ ಗೆರೆ ದಾಟುತ್ತಲೇ ಚಾಲಕ ಬ್ರೇಕ್ ಒತ್ತಿದ. ಟೈರು ಕಿರ್ರೆನ್ನಲಿಲ್ಲ, ಜಾರಲಿಲ್ಲ, ಕಾರಿನ ಹಿಂಬದಿ ಓಲಾಡಲಿಲ್ಲ. ಗೆರೆಯಿಂದ ಇಪ್ಪತ್ತೈದನೇ ಮೀಟರಿಗೆ ಕಾರು ನಿಂತೇಬಿಟ್ಟಿತು. ಅಂದಿನ ಒಳ್ಳೆಯ ಟೈರಿಗೂ ಒದ್ದೆ ರಸ್ತೆಯಲ್ಲಿ ಅರವತ್ತೈದು ಮೀಟರ್ ಬೇಕಿತ್ತು. ಚಾಲಕ ಕೆಳಗಿಳಿದು, ಬೆಲ್ಟು ಒತ್ತಿದ ಎದೆಯನ್ನು ಸವರಿಕೊಳ್ಳುತ್ತ ನಕ್ಕ. ಧಾರವಾಡದ ಹೊರಗಿನ ಆ ಪರೀಕ್ಷಾ ಪಥದ ಅಂಚಿನಲ್ಲಿ ನಿಂತಿದ್ದ ಡಾ. ನೀಲಾಂಬಿಕಾ ಹೊಸಮನಿಯವರಿಗೆ ಮಾತ್ರ ಅಳು ಬಂತು. ಹದಿನಾಲ್ಕು ವರ್ಷದ ದುಡಿಮೆ ಕಣ್ಣೆದುರು ಗಕ್ಕನೆ ಬಂದು ನಿಂತಾಗ ಅಳದಿರಲು ಅವರೇನು ಕಲ್ಲೇ?

ಇದು 2058ರ ಮಾತು. ಹಲ್ಲಿ ಗೋಡೆಯಿಂದ ಬೀಳದಿರುವುದು ಅಂಟಿನಿಂದಲ್ಲ. ಅದರ ಪಾದದಲ್ಲಿ ಕೂದಲಿಗಿಂತ ನೂರಾರು ಪಾಲು ಸಣ್ಣ ಎಳೆಗಳಿವೆ. ಅವು ಗೋಡೆಗೆ ತೀರ ಹತ್ತಿರ ಹೋದಾಗ ಅಣುಗಳ ನಡುವಿನ ಸೆಳೆತವೇ ಹಲ್ಲಿಯನ್ನು ಹಿಡಿದಿಡುತ್ತದೆ. ನೀಲಾಂಬಿಕಾ ಅಂಥ ಎಳೆಗಳನ್ನು ರಬ್ಬರಿನ ಮೈಮೇಲೆ ಬೆಳೆಸಿದ್ದರು. ಗಾಡಿ ಓಡುವಾಗ ಅವು ಮಲಗಿರುತ್ತವೆ. ಬ್ರೇಕ್ ಒತ್ತಿದೊಡನೆ ಸಣ್ಣದೊಂದು ವಿದ್ಯುತ್ ಪ್ರವಾಹ ಹರಿದು, ಅವು ಎದ್ದು ನಿಂತು ನೆಲವನ್ನು ಕಚ್ಚುತ್ತವೆ. ಕಂಪನಿ ಇದಕ್ಕೆ ನಾಲಿಗೆ ಹೊರಳದ ಹೆಸರೊಂದನ್ನು ಇಟ್ಟಿತ್ತು. ಜನ ‘ಹಲ್ಲಿ ಟೈರು’ ಎಂದೇ ಕರೆದರು.

ಮೊದಲ ಸೆಟ್ಟು ಮಾರಾಟವಾದದ್ದು ಹುಬ್ಬಳ್ಳಿಯ ಮಕ್ತುಂಸಾಬ್ ನದಾಫರ ಅಂಗಡಿಯಲ್ಲಿ. ಆ ದಿನ ನೀಲಾಂಬಿಕಾ ಕೂಡ ಅಲ್ಲಿದ್ದರು. ಕೊಳ್ಳಲು ಬಂದವಳು ಶಾಲ್ಮಲಿ ಕಿತ್ತೂರ ಎಂಬ ದಂತವೈದ್ಯೆ. ಅವಳ ಹಳದಿ ಸ್ಪೋರ್ಟ್ಸ್ ಕಾರು ಹೊರಗೆ ನಿಂತಿತ್ತು. ಮದುವೆಯ ಸೀರೆ ಆರಿಸುವವಳ ಹಾಗೆ ಅವಳು ಒಂದೊಂದೇ ಟೈರನ್ನು ಒತ್ತಿ, ಸವರಿ, ಟೈರಿನ ಪಕ್ಕೆ ಎಷ್ಟು ಬಿಗಿ, ಸದ್ದು ಎಷ್ಟು ಎಂದೆಲ್ಲ ಕೇಳಿದಳು.

“ಅಕ್ಕಾರ, ಮೆತ್ತನ ರಬ್ಬರ್ ಹಾಕ್ಸಿದ್ರ ರಸ್ತಾ ಚಲೋ ಹಿಡಿತೈತಿ, ಆದ್ರ ಲಗೂನ ಸವದು ಹೋಗ್ತೈತಿ,” ಎಂದರು ಮಕ್ತುಂಸಾಬ್. “ಗಟ್ಟೀದು ಹಾಕ್ಸಿದ್ರ ಬಾಳಿಕಿ ಬರ್ತೈತಿ, ಮಳ್ಯಾಗ ಜಾರ್ತೈತಿ. ಇಷ್ಟು ದಿನಾ ಎರಡರಾಗ ಒಂದು ಬಿಡಬೇಕಿತ್ತು. ಇದಕ್ಕ ಏನೂ ಬಿಡೂದು ಬ್ಯಾಡ್ರಿ.”

ಶಾಲ್ಮಲಿ ವಿಜ್ಞಾನಿಯ ಕಡೆ ತಿರುಗಿದಳು. “ಖರೇನ ಇದ್ರಾಗ ಕೊರತಿ ಏನೂ ಇಲ್ಲೇನ್ರಿ ಮೇಡಂ?”

“ಇದ್ರ ನನಗ ಗೊತ್ತಿರ್ತಿತ್ತು,” ಎಂದು ನೀಲಾಂಬಿಕಾ ನಕ್ಕರು. ಆ ನಗುವನ್ನು ನೆನೆದು ಮುಂದೆ ಅವರು ಎಷ್ಟೋ ಸಲ ನಾಚಿದ್ದುಂಟು.

ನಲವತ್ತು ದಿನಗಳ ಮೇಲೆ, ಒಂದು ಮುಂಜಾನೆ, ಬೆಳಗಾವಿ ಹೆದ್ದಾರಿಯಲ್ಲಿ ಸೌತೆಕಾಯಿ ಮಾರುವ ಮುದುಕಿಯೊಬ್ಬಳು ಬುಟ್ಟಿ ಹೊತ್ತು ಶಾಲ್ಮಲಿಯ ಕಾರಿಗೆ ಅಡ್ಡ ಬಂದಳು. ಎಂಬತ್ತರ ವೇಗದಲ್ಲಿದ್ದ ಕಾರು ಹನ್ನೊಂದು ಮೀಟರಿನಲ್ಲಿ ನಿಂತಿತು. ಮುದುಕಿಯ ಬುಟ್ಟಿಯಿಂದ ಒಂದು ಕಾಯಿಯೂ ಬೀಳಲಿಲ್ಲ. ಕಾರಿನ ಹಿಂದೆ ಅಡಿವೆಪ್ಪ ಬಡಿಗೇರನ ಟೆಂಪೋ ಇತ್ತು. ಅವನೂ ಹೆಂಡತಿ ಗಂಗವ್ವನೂ ಖಡಕ್ ರೊಟ್ಟಿ ತುಂಬಿಕೊಂಡು ಖಾನಾವಳಿಗಳಿಗೆ ಕೊಡಲು ಹೊರಟಿದ್ದರು. ತಾನೇ ಬ್ರೇಕ್ ಒತ್ತುವ ಯಂತ್ರ ಆ ಟೆಂಪೋದಲ್ಲೂ ಇತ್ತು, ಅದು ಒತ್ತಿತು ಕೂಡ. ಆದರೆ ಕೊನೆಗೆ ನೆಲ ಹಿಡಿಯಬೇಕಾದದ್ದು ಟೈರು ತಾನೆ? ಟೆಂಪೋ ಹೋಗಿ ಕಾರಿಗೆ ಗುದ್ದಿತು. ಗಂಗವ್ವ ಅಲ್ಲೇ ತೀರಿಹೋದಳು.

ಕಾನೂನು ನೇರವಾಗಿತ್ತು. ಹಿಂದಿನಿಂದ ಬಂದು ಗುದ್ದಿದವನದೇ ತಪ್ಪು. ಹೆಂಡತಿಯ ಸಾವಿನ ಹೊಣೆಯನ್ನೂ ಹೊತ್ತು ಅಡಿವೆಪ್ಪ ಜೈಲಿಗೆ ಹೋಗಬೇಕಿತ್ತು. ಅದಕ್ಕೆ ಮೊದಲು ವಿಚಾರಣಾ ಮಂಡಳಿಯ ಮುಂದೆ ಟೈರಿನ ಬಗ್ಗೆ ಹೇಳಿಕೆ ಕೊಡಲು ನೀಲಾಂಬಿಕಾ ಅವರಿಗೆ ಕರೆ ಬಂತು.

ಕಂಪನಿಯ ಮೇಲಧಿಕಾರಿ ಸುಹಾಸ ಪಟ್ಟಣಶೆಟ್ಟಿ ದಾರಿಯುದ್ದಕ್ಕೂ ಪಾಠ ಹೇಳಿದ. “ಟೈರು ಹೇಳಿದಂಗ ಕೆಲಸಾ ಮಾಡೇತಿ ಅಂತ ಅಷ್ಟ ಹೇಳ್ರಿ ಮೇಡಂ. ಅದೇನು ಸುಳ್ಳಲ್ಲಲ್ಲ?”

ಸುಳ್ಳಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಮೊದಲು ಅಡಿವೆಪ್ಪನನ್ನು ಕೇಳಿದರು. ಅವನು ಕೈಕಟ್ಟಿ ನಿಂತು ಹೇಳಿದ: “ನಾ ಮೂವತ್ತು ಮೀಟರ್ ಬಿಟ್ಟಿದ್ದೆ ಸಾಹೇಬ್ರ. ಇಪ್ಪತ್ತೆಂಟು ವರ್ಷ ಅಷ್ಟ ಬಿಟ್ಟೀನಿ. ಮುಂದಿನ ಗಾಡಿ ಮೂತಿ ಬಗ್ಗಸ್ತೈತಿ, ದೀಪಾ ಹತ್ತತೈತಿ, ಆಮ್ಯಾಲೆ ಒಂದಿಷ್ಟು ದೂರ ಹೋಗಿ ನಿಲ್ಲತೈತಿ. ಆ ಒಂದಿಷ್ಟು ದೂರದಾಗ ನಾವೂ ನಿಲ್ತೀವಿ. ಅವತ್ತ ಆ ದೂರನ ಇರಲಿಲ್ರಿ.”

ಅಷ್ಟು ದೂರವನ್ನು ರಸ್ತೆಯಿಂದ ಕತ್ತರಿಸಿ ತೆಗೆದವರು ನೀಲಾಂಬಿಕಾ ಅವರೇ. ಅದು ಯಾರಾದರೂ ನಂಬಿಕೊಂಡಿದ್ದ ಜಾಗ ಎಂದು ಅವರಿಗೆ ಹೊಳೆದೇ ಇರಲಿಲ್ಲ.

“ನಿಮ್ಮ ಪರೀಕ್ಷಾದಾಗ ಹಿಂದಿನ ಗಾಡಿ ಎಷ್ಟು ದೂರ ಇರ್ತಿತ್ತು?” ಎಂದು ಮಂಡಳಿಯ ಅಧ್ಯಕ್ಷರು ಕೇಳಿದರು. ಅವರಿಗೆ ಅದು ಬರಿಯ ಕಾಗದ ತುಂಬುವ ಪ್ರಶ್ನೆ.

“ಹಿಂದ ಗಾಡೀನ ಇರ್ತಿರಲಿಲ್ರಿ,” ಎಂದರು ನೀಲಾಂಬಿಕಾ. “ಪಥದ ಮ್ಯಾಲೆ ಒಂದು ಸಲಕ್ಕ ಒಂದ ಗಾಡಿ ಬಿಡಬೇಕು. ಅದು ನಮ್ಮ ಸುರಕ್ಷತಾ ನಿಯಮ.”

ಯಾರೋ ನಕ್ಕರು. ಸುಹಾಸ ಕೆಮ್ಮಿದ. ನೀಲಾಂಬಿಕಾ ನಿಲ್ಲಲಿಲ್ಲ. “ಹತ್ತು ಸಾವಿರ ಸಲ ನಿಲ್ಲಿಸಿ ನೋಡೀವಿ. ಪ್ರತಿ ಸಲಾನೂ ಜಗತ್ತಿನಾಗ ಅದೊಂದ ಗಾಡಿ ಐತೇನೋ ಅನ್ನೂಹಂಗ. ಅಡಿವೆಪ್ಪ ಅವರು ಮಾಡಿದ್ದು ಸರಿ ಐತಿ. ನಮ್ಮ ಟೈರೂ ಸರಿ ಇತ್ತು. ಅದು ಅಷ್ಟು ಸರಿ ಇದ್ದದ್ದಕ್ಕ ಗಂಗವ್ವ ಸತ್ತಳು.”

ಮಂಡಳಿ ಅಡಿವೆಪ್ಪನನ್ನು ಬಿಟ್ಟಿತು. ಜೊತೆಗೆ ಅದೇ ಹೇಳಿಕೆಯನ್ನು ಆಧಾರವಾಗಿಟ್ಟು ಒಂದು ಶಿಫಾರಸನ್ನೂ ಮಾಡಿತು: ಎರಡು ವರ್ಷದೊಳಗೆ ಎಲ್ಲ ವಾಹನಗಳಿಗೂ ಹಲ್ಲಿ ಟೈರು ಹಾಕಿಸಬೇಕು; ಅಲ್ಲಿಯವರೆಗೆ ಹಳೆಯ ಟೈರಿನವರು ಹೆದ್ದಾರಿಯಲ್ಲಿ ಮುಂದಿನ ಗಾಡಿಗಿಂತ ಅರವತ್ತು ಮೀಟರ್ ಹಿಂದೆ ಇರಬೇಕು. ಮುಖ ಬಾಡಿಸಿಕೊಂಡಿದ್ದ ಸುಹಾಸ ಇದನ್ನು ಕೇಳಿ ಓಡಿ ಬಂದು ನೀಲಾಂಬಿಕಾ ಅವರ ಕೈ ಕುಲುಕಿದ. ಆ ಕೈಯನ್ನು ಎಲ್ಲಾದರೂ ತೊಳೆದುಕೊಳ್ಳಬೇಕು ಅನ್ನಿಸಿತು ಅವರಿಗೆ.

ಹೊರಗಿನ ಬೇವಿನ ಮರದ ಕಟ್ಟೆಯ ಮೇಲೆ ಅಡಿವೆಪ್ಪ ಒಬ್ಬನೇ ಕೂತಿದ್ದ. ಬಿಡುಗಡೆಯಾದವನ ಮುಖ ಅದಾಗಿರಲಿಲ್ಲ.

“ನನ್ನ ತಪ್ಪಿಲ್ಲ ಅಂತ ಬರದು ಕೊಟ್ರು ಅಕ್ಕಾರ,” ಎಂದ. “ಇಷ್ಟು ದಿನಾ ನನ್ನ ಮ್ಯಾಲೆ ನಾನ ಸಿಟ್ಟಾಗಿ ಹೆಂಗೋ ಬದುಕಿದ್ದೆ. ಇನ್ನ ಯಾರ ಮ್ಯಾಲೆ ಸಿಟ್ಟಾಗ್ಲಿ?”

“ನನ್ನ ಮ್ಯಾಲೆ ಆಗ್ರಿ.”

ಅಡಿವೆಪ್ಪ ತಲೆ ಅಲ್ಲಾಡಿಸಿದ. “ಆ ಸೌತಿಕಾಯಿ ಮುದುಕಿ ನಿಮ್ಮಿಂದನ ಉಳದಾಳಲ್ರಿ. ಹೆಂಗ ಆಗ್ಲಿ?”

ನೀಲಾಂಬಿಕಾ ಸುಹಾಸನಿಗೆ ಕಾಯದೆ ತಮ್ಮ ಕಾರಿನ ಕಡೆ ನಡೆದರು.

ಅವರದು ಹಳೆಯ ಕಾರು, ಹಳೆಯ ಟೈರು. ಧಾರವಾಡದ ದಾರಿಯಲ್ಲಿ ಮುಂದಿನ ಕಾರಿನಿಂದ ಅರವತ್ತು ಮೀಟರ್ ದೂರ ಬಿಟ್ಟು ಓಡಿಸಿದರು. ಆ ಖಾಲಿ ಜಾಗಕ್ಕೆ ಒಂದು ಆಟೋ ನುಗ್ಗಿತು. ಮತ್ತೆ ದೂರ ಬಿಟ್ಟರು. ಒಂದು ಜೀಪು ನುಗ್ಗಿತು. ಮೂರನೆಯ ಸಲ ಹಾರ್ನ್ ಬಾರಿಸಿಕೊಂಡು ಪಕ್ಕದಿಂದ ಹೋದವನೊಬ್ಬ ಕಿಟಕಿಯಿಂದ ತಲೆ ಹೊರಹಾಕಿ ಬೈದ. ಬಿಟ್ಟ ಜಾಗ ಅಲ್ಲಿ ಎಲ್ಲರ ಕಣ್ಣಿಗೂ ಬರಿಯ ಜಾಗವಾಗಿಯೇ ಕಂಡಿತು, ಇನ್ನೊಬ್ಬರ ಜೀವವಾಗಿ ಕಾಣಲಿಲ್ಲ.

ಊರ ಹೊರಗೆ ಸಿಗ್ನಲ್ಲಿನ ಹಳದಿ ದೀಪ ಹತ್ತಿತು. ಬ್ರೇಕ್ ಒತ್ತಲು ಹೋದ ಕಾಲನ್ನು ತಡೆದು ನೀಲಾಂಬಿಕಾ ಕನ್ನಡಿ ನೋಡಿದರು. ತೀರ ಹತ್ತಿರದಲ್ಲಿ ಒಂದು ಸ್ಕೂಟರು ಬರುತ್ತಿತ್ತು. ಓಡಿಸುತ್ತಿದ್ದ ಹೆಂಗಸು ಹಿಂದೆ ಕೂತವಳಿಗೆ ಏನೋ ಹೇಳಿ ನಗುತ್ತಿದ್ದಳು. ಆ ಸ್ಕೂಟರಿನ ಟೈರು ಎಷ್ಟು ಸವೆದಿದೆಯೋ, ಯಾರು ಬಲ್ಲರು? ನೀಲಾಂಬಿಕಾ ಮೆಲ್ಲಗೆ, ಇನ್ನೂ ಮೆಲ್ಲಗೆ ಬ್ರೇಕ್ ಒತ್ತಿದರು. ಹಿಂದಿರುವವರು ನಿಲ್ಲಬಲ್ಲರೇ ಎಂದು ಯೋಚಿಸಿ ಅವರು ಬ್ರೇಕ್ ಒತ್ತಿದ್ದು, ಇಪ್ಪತ್ತೆರಡು ವರ್ಷದ ಓಡಾಟದಲ್ಲಿ, ಅದೇ ಮೊದಲು.