ಯಾಳಿಯನ್ನು ಮಲಗಿಸಿದ ಹೆಂಡ

ಬಹಳ ಹಿಂದೆ, ಬೆಟ್ಟಗಳು ಬೇಸಿಗೆಯಲ್ಲಿ ನೀರು ಕುಡಿಯಲು ಹೊಳೆಗೆ ಇಳಿದು ಬರುತ್ತಿದ್ದ ಕಾಲದಲ್ಲಿ, ಕುಡಿಕೆನಾಡು ಅನ್ನುವ ಒಂದು ರಾಜ್ಯವಿತ್ತು. ಅಲ್ಲಿ ಕರಿಹೊನ್ನ ಅನ್ನುವವನು ಹೆಂಡ ಮಾಡಿಕೊಂಡಿದ್ದ. ಅವನ ಹೆಂಡತಿ ಸಣ್ಣೀರಿ. ಅವನದು ಮಾತು ಕಡಿಮೆ. ಅವಳು ಇಬ್ಬರ ಪಾಲಿನದನ್ನೂ ಆಡುತ್ತಿದ್ದಳು.

ಕರಿಹೊನ್ನ ಜವೆಗೋಧಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಿಸಿನೀರಿನಲ್ಲಿ ನೆನೆಸಿ ಸೋಸುತ್ತಿದ್ದ. ಬಂದ ಸಿಹಿರಸವನ್ನು ಕುದಿಸಿ ಆರಿಸುತ್ತಿದ್ದ. ಆರಿದ ಮೇಲೆ ಹುದುಗಿನ ಕೋಲನ್ನು ಅದರಲ್ಲಿ ಅದ್ದುತ್ತಿದ್ದ. ಆ ಕೋಲಿನ ಗೀರುಗಳಲ್ಲಿ ಹುದುಗಿನ ಜನ ವಾಸವಾಗಿದ್ದರು. ಸಾಸಿವೆ ಕಾಳಿನ ಮೇಲೆ ಅವರ ಒಂದು ಊರೇ ಕೂರಬಹುದು, ಅಷ್ಟು ಸಣ್ಣವರು. ಅವರು ರಸದ ಸಿಹಿ ತಿಂದು ಅದನ್ನು ಹೆಂಡ ಮಾಡುತ್ತಿದ್ದರು.

ಕರಿಹೊನ್ನನ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ರಸವನ್ನು ಅಲುಗಿಸಬಾರದು. ಗಾಳಿ ಸೋಕಿದರೆ ಹೆಂಡ ಹುಳಿಯಾಗುತ್ತದೆ. ಅದಕ್ಕೇ ಅವರು ರಸವನ್ನು ಎಣ್ಣೆಯ ಹಾಗೆ ಮೆಲ್ಲಗೆ ಬಗ್ಗಿಸುತ್ತಿದ್ದರು. ಹಂಡೆಯ ಹತ್ತಿರ ಸೀನುತ್ತಲೂ ಇರಲಿಲ್ಲ.

ಒಂದು ದಿನ ಕಪಾಲಜಡ ಅನ್ನುವ ಮಾಂತ್ರಿಕ ಊರಿಗೆ ಬಂದ. ಅವನ ಕೈಯಲ್ಲಿ ಏಳು ಗಿಣ್ಣಿನ ಕರಿಕಬ್ಬಿನ ಜಲ್ಲೆ. ಅವನ ಶಕ್ತಿಯೆಲ್ಲ ಅದರಲ್ಲೇ ಇತ್ತು. ಸಣ್ಣೀರಿ ಬಾವಿಯಿಂದ ನೀರು ತರುತ್ತಿದ್ದಳು. ಅವನು ಅವಳ ಕೊಡಕ್ಕೇ ಬಾಯಿ ಹಾಕಲು ಹೋದ.

"ಬೊಗಸೆ ಒಡ್ಡು, ಹೊಯ್ತೀನಿ," ಅಂದಳು ಸಣ್ಣೀರಿ. "ಕೊಡಕ್ಕೆ ಬಾಯಿ ಇಟ್ಟೆ ಅಂದ್ರೆ ನಿನ್ನ ಗಡ್ಡ ಹಿಡಿದು ಇದೇ ಬಾವೀಲಿ ಜಾಲಾಡಿಸ್ತೀನಿ, ನೋಡು."

ಬಾವಿಕಟ್ಟೆಯ ಮೇಲಿದ್ದ ಹದಿನೆಂಟು ಜನ ನಕ್ಕರು. ಮಾಂತ್ರಿಕ ಜಲ್ಲೆ ಬೀಸಿದ. ಹದಿನೆಂಟು ಜನ ನಗುತ್ತಲೇ ಕಲ್ಲಾದರು. ಸಣ್ಣೀರಿ ಸೊಂಟದ ಮೇಲಿನ ಕೊಡದ ಸಮೇತ ಕಲ್ಲಾದಳು.

ಬಿಡಿಸುವ ದಾರಿ ಇಡದೆ ಮಾಟ ಕಟ್ಟುವಂತಿಲ್ಲ. ಆದ್ದರಿಂದ ಕಪಾಲಜಡ ಒಂದು ಗಂಟೆ ಮಾಡಿದ. ಅದಕ್ಕೆ ನಾಲಿಗೆ ಇರಲಿಲ್ಲ, ಮನುಷ್ಯನ ಕೈಯೇ ಬಡಿಯಬೇಕು. ಅದನ್ನು ಒಂದು ಯಾಳಿಯ ಕೊರಳಿಗೆ ಕಟ್ಟಿ ಕೋಟೆ ಬಾಗಿಲಲ್ಲಿ ಕೂರಿಸಿದ. ಸಿಂಹದ ಮೈ, ಆನೆಯ ಸೊಂಡಿಲು. ನಿದ್ದೆ ಮಾಡದ ಮೃಗ.

"ಮೂರು ಹುಣ್ಣಿಮೆ," ಅಂದ ಕಪಾಲಜಡ. "ಆಮೇಲೆ ಗಂಟೆ ಬಡಿದರೂ ಕಲ್ಲು ಕಲ್ಲೇ."

ರಾಜ ಸೈನ್ಯ ಕಳಿಸಿದ. ಸೈನ್ಯ ಹೋದ ದಾರಿಯಲ್ಲೇ ಓಡಿ ಬಂತು. ಅರಮನೆಯ ನಲವತ್ತು ಗಡಿಗೆ ಹೆಂಡ ಕಳಿಸಿದ. ಯಾಳಿ ಅಷ್ಟನ್ನೂ ಕುಡಿದು ಕಣ್ಣು ಮಿಟುಕಿಸಲಿಲ್ಲ.

"ನೀರು," ಅಂದಿತು. "ಗಟ್ಟಿಯದು ಇದ್ದರೆ ತನ್ನಿ."

ಕರಿಹೊನ್ನ ಬಾವಿಯ ಹತ್ತಿರ ಹೋಗಿ ಸಣ್ಣೀರಿಯ ಮಣಿಕಟ್ಟು ಮುಟ್ಟಿ ನೋಡಿದ. ಕಲ್ಲಿನೊಳಗೆ ಇನ್ನೂ ಬಿಸಿ ಇತ್ತು. ಮನೆಗೆ ಬಂದು ಒಲೆ ಹಚ್ಚಿದ.

ಎಂದಿನ ನೀರಿಗೆ ಮೂರು ಪಾಲು ಜವೆ ಹಾಕಿದ. ರಸ ಜೇನಿನ ಹಾಗೆ ಇಳಿಯಿತು. ಎಷ್ಟು ದಪ್ಪವಿದೆ ಅಂತ ಅದರಲ್ಲಿ ಕೋಳಿಮೊಟ್ಟೆ ಬಿಟ್ಟು ನೋಡಿದ. ಎಂದಿನ ರಸದಲ್ಲಿ ಮೊಟ್ಟೆಯ ನೆತ್ತಿ ಕಾಣುತ್ತಿತ್ತು, ಅಷ್ಟೆ. ಇದರಲ್ಲಿ ಅಡಿಕೆಯ ಅಗಲ ಮೇಲೆದ್ದು ತೇಲಿತು. ಸರಿ ಅಂದುಕೊಂಡ. ಆರಿಸಿದ. ಕಟ್ಟಳೆಯಂತೆ ಅಲುಗಿಸದೆ ಮೆಲ್ಲಗೆ ಬಗ್ಗಿಸಿ, ಕೋಲು ಅದ್ದಿ, ಮುಚ್ಚಿದ.

ನೊರೆ ಬೆರಳಷ್ಟು ಎದ್ದು ಇಳಿಯಿತು. ಇಪ್ಪತ್ತು ದಿನ ಕಾದ. ಮೊದಲ ಹುಣ್ಣಿಮೆಯ ಬೆಳಿಗ್ಗೆ ಯಾಳಿಯ ಮುಂದೆ ಇಟ್ಟ.

ಯಾಳಿ ಸೊಂಡಿಲು ಅದ್ದಿತು. "ಪಾನಕ," ಅಂದಿತು. ಕರಿಹೊನ್ನನನ್ನು ಎತ್ತಿ ಹೊಳೆಗೆ ಎಸೆಯಿತು.

ಒದ್ದೆಯಾಗಿ ಮನೆಗೆ ಬಂದ ಕರಿಹೊನ್ನ ಕೋಲನ್ನು ಕಿವಿಯ ಹತ್ತಿರ ಹಿಡಿದ. "ಸಿಹಿ ತಿನ್ನೋದು ಯಾಕೆ ನಿಲ್ಲಿಸಿಬಿಟ್ರಿ?" ಅಂತ ಕೇಳಿದ.

ಗೀರಿನೊಳಗಿಂದ ಹುದುಗಿನ ಗೌಡ ತಲೆ ಹಾಕಿದ. "ಉಸಿರು ಕಟ್ಟಿತಪ್ಪ," ಅಂದ. "ನೋಡು, ರಸಕ್ಕೆ ಬಿದ್ದ ಮೊದಲ ದಿನ ನಾವು ತಿನ್ನಲ್ಲ. ಮಕ್ಕಳು ಮರಿ ಮಾಡ್ಕೊಂಡು ಊರು ಬೆಳೆಸ್ತೀವಿ. ಅದಕ್ಕೆ ಗಾಳಿ ಬೇಕು. ತೆಳು ರಸದಲ್ಲಿ ಅಷ್ಟೋ ಇಷ್ಟೋ ಇರುತ್ತೆ, ಕೆಲಸವೂ ಕಡಿಮೆ. ಇದು ದಪ್ಪ ರಸ. ಗಾಳಿ ಕಡಿಮೆ, ಕೆಲಸ ಮೂರು ಪಟ್ಟು. ಇದ್ದ ನಾಲ್ಕು ಮಂದಿ ತಿಂದು ಸುಸ್ತಾಗಿ ಮಲಗಿದೆವು."

"ನಮ್ಮಪ್ಪ ಗಾಳಿ ಸೋಕಬಾರದು ಅಂತಿದ್ದ."

"ನಿಮ್ಮಪ್ಪ ಇಂಥ ರಸ ಇಳಿಸಿದ್ದನಾ?"

"ಇಲ್ಲ."

"ಮತ್ತೆ?"

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ," ಅಂದು ಗೌಡ ಒಳಗೆ ಹೋದ.

ಕರಿಹೊನ್ನ ಸಣ್ಣೀರಿಯ ಮಣಿಕಟ್ಟು ಮುಟ್ಟಿದ. ಬಿಸಿ ಕಡಿಮೆಯಾಗಿತ್ತು. ಅವಸರ ಹುಟ್ಟಿತು. ಎರಡನೆಯ ಬಾರಿ ರಸ ಕುದಿಸಿದವನೇ, ಆರುವ ತನಕ ಕಾಯದೆ, ಒಂದು ಹಂಡೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿದ. ಕೈ ಸುಟ್ಟಿತು. ಹತ್ತು ಸಲ ಸುರಿದ, ಇಪ್ಪತ್ತು ಸಲ ಸುರಿದ. ಆಮೇಲೆ ಆರಲು ಇಟ್ಟು, ಆರಿದ ಮೇಲೆ ಕೋಲು ಅದ್ದಿದ.

ನೊರೆ ಎರಡು ಬೆರಳಷ್ಟು ಎದ್ದು ಇಳಿಯಿತು. ಎರಡನೆಯ ಹುಣ್ಣಿಮೆಗೆ ಹಂಡೆ ಹೊತ್ತು ಹೋದ.

"ಇದೂ ಪಾನಕ," ಅಂದಿತು ಯಾಳಿ. "ನೆನೆದ ರಟ್ಟಿನ ವಾಸನೆ ಬೇರೆ." ಎತ್ತಿ ಹುಣಸೆಮರಕ್ಕೆ ಎಸೆಯಿತು.

ಮರದಿಂದ ಇಳಿದು ಬಂದ ಕರಿಹೊನ್ನ ಕೋಲು ಹಿಡಿದ. "ಗಾಳಿ ಕೊಟ್ಟೆನಲ್ಲ!"

"ಯಾವಾಗ ಕೊಟ್ಟೆ?"

"ಬಿಸಿ ಇದ್ದಾಗಲೇ."

"ಬಿಸಿ ರಸದಲ್ಲಿ ಗಾಳಿ ನಿಲ್ಲುತ್ತಾ? ಹಬೆಯ ಜೊತೆ ಎದ್ದು ಹೋಯ್ತು. ಹೋಗೋವಾಗ ರಸ ಕೆಡಿಸಿಯೂ ಹೋಯ್ತು." ಗೌಡ ಕೆಮ್ಮಿದ. "ಪೂರ್ತಿ ಆರಬೇಕು. ಕೈಯಿಟ್ಟರೆ ತಣ್ಣಗಿರಬೇಕು. ಆಗ ಸುರಿ, ನೂರು ಸಲ. ಕೋಲು ಅದ್ದು. ಮಾರನೇ ದಿನ ಬೆಳಿಗ್ಗೆ ಕಡಗೋಲು ಹಾಕಿ ಒಂದು ಸಲ ಕಡೆ, ಇಷ್ಟು ದಪ್ಪ ರಸಕ್ಕೆ ಅದೂ ಬೇಕು. ಅಲ್ಲಿಗೆ ಮುಗೀತು. ಆಮೇಲೆ ಮುಚ್ಚಿಡು. ಆಮೇಲೆ ಗಾಳಿ ಆಡಿದರೆ ನಿಮ್ಮಪ್ಪ ಹೇಳಿದ್ದು ನಿಜ ಆಗುತ್ತೆ."

ಕರಿಹೊನ್ನ ಮಣಿಕಟ್ಟು ಮುಟ್ಟಲು ಹೋದ. ಬೆರಳು ತಣ್ಣಗಾಯಿತು. ಬಹಳ ಹೊತ್ತು ಹಿಡಿದುಕೊಂಡು ನಿಂತ. ಕೊನೆಗೆ, ಆಳದಲ್ಲಿ ಎಲ್ಲೋ, ಬೂದಿಯೊಳಗಿನ ಕೆಂಡದಷ್ಟು ಬಿಸಿ ಸಿಕ್ಕಿತು. ಹಿಂದಿರುಗಿದ.

ಮೂರನೆಯ ಬಾರಿ ರಸ ಕುದಿಸಿ ಹಂಡೆಯನ್ನು ಹೊಳೆಯಲ್ಲಿ ಕೂರಿಸಿದ. ತಾನು ದಡದಲ್ಲಿ ಕೂತ. ಏನೂ ಮಾಡದೆ ಕೂರುವುದು ಸುಲಭವಾಗಿರಲಿಲ್ಲ. ರಸ ತಣ್ಣಗಾದ ಮೇಲೆ ಖಾಲಿ ಹಂಡೆಯೊಂದನ್ನು ಬಂಡೆಯ ಕೆಳಗಿಟ್ಟ, ನಡುವೆ ಬಿದಿರಿನ ಜರಡಿ ಕಟ್ಟಿದ, ರಸದ ಹಂಡೆಯನ್ನು ಬಂಡೆಯ ಮೇಲಿಂದ ಬಗ್ಗಿಸಿದ. ರಸ ಜರಡಿಯಲ್ಲಿ ಎಳೆ ಎಳೆಯಾಗಿ ಒಡೆದು ಬಿತ್ತು. ಕೆಳಗೆ ಬಿಳಿ ನೊರೆ ಕಟ್ಟಿತು. ಹೊತ್ತುಕೊಂಡು ಹತ್ತಿದ, ಸುರಿದ. ಇಳಿದ, ಹೊತ್ತುಕೊಂಡು ಹತ್ತಿದ, ಸುರಿದ. ನೂರು ಸಲ. ಅವನಪ್ಪ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದ.

ಕೋಲು ಅದ್ದಿದ. ಮಾರನೆಯ ಬೆಳಿಗ್ಗೆ ಕಡಗೋಲಿನಿಂದ ಒಂದು ಸಲ ಕಡೆದ. ಮುಚ್ಚಿ, ಮೇಲೆ ಗುಂಡುಕಲ್ಲು ಇಟ್ಟ.

ಮೂರನೆಯ ದಿನ ಹಂಡೆ ಗುಡುಗತೊಡಗಿತು. ಆ ಸದ್ದು ಕಪಾಲಜಡನ ಗುಹೆಗೂ ಕೇಳಿತು. ಅವನು ಬಡ ಜಂಗಮನ ವೇಷದಲ್ಲಿ ಬಂದ. ಆದರೆ ಕಬ್ಬಿನ ಜಲ್ಲೆ ಕೈಯಲ್ಲೇ ಇತ್ತು.

"ಅಯ್ಯೋ, ಒಳಗಿರೋರು ಪಾಪ," ಅಂದ. "ಉಸಿರಿಗೆ ಒದ್ದಾಡ್ತಿದ್ದಾರೆ, ಕೇಳಿಸಲ್ವಾ? ಮುಚ್ಚಳ ತೆಗೆದು ಇನ್ನೊಂದು ಸಲ ಕಡೆಯಪ್ಪ."

"ಇಲ್ಲ," ಅಂದ ಕರಿಹೊನ್ನ.

"ಒಂದೇ ಒಂದು ಸಲ."

"ಇಲ್ಲ."

"ಕಲ್ಲಿನಂಥ ಮನಸ್ಸು ನಿಂದು."

"ಕಲ್ಲಾಗಿರೋಳು ನನ್ನ ಹೆಂಡತಿ. ಜಗಲಿ ಮೇಲೆ ಕೂತ್ಕೋ. ಹಂಡೆ ಮುಟ್ಟಬೇಡ."

ಕಪಾಲಜಡ ಕೂರಲಿಲ್ಲ. ಗುಂಡುಕಲ್ಲನ್ನು ಉರುಳಿಸಿ, ಮುಚ್ಚಳದ ಸಂದಿಗೆ ಜಲ್ಲೆ ತೂರಿಸಿ ಮೀಟಿದ. ಒಳಗೆ ಹುದುಗಿನ ಜನ ಕೋಟಿ ಕೋಟಿಯಾಗಿದ್ದರು. ಗಾಳಿ ಉಂಡು ಬೆಳೆದವರು, ಹೊಟ್ಟೆ ಹಸಿದವರು. ಮುಚ್ಚಳ ಸಿಡಿದು ಅವನ ಹಣೆಗೆ ಬಡಿಯಿತು. ನೊರೆ ಆಳೆತ್ತರ ಎದ್ದು ಜಲ್ಲೆಯನ್ನು ಒಳಕ್ಕೆ ಎಳೆದುಕೊಂಡಿತು. ಕಬ್ಬು ಸಿಹಿ. ಅವರು ಮೊದಲ ಗಿಣ್ಣು ತಿಂದರು, ಎರಡನೆಯದು ತಿಂದರು, ಏಳನ್ನೂ ತಿಂದರು. ಸಿಪ್ಪೆ ಹೊರಗೆ ಉಗಿದರು.

ಮಾಂತ್ರಿಕನ ಶಕ್ತಿ ಅಲ್ಲಿಗೆ ಮುಗಿಯಿತು. ಆದರೆ ಕಟ್ಟಿದ್ದ ಮಾಟ ಗಂಟೆ ಬಡಿಯದೆ ಬಿಡುವಂತಿರಲಿಲ್ಲ. ಅವನು ಹಣೆ ಹಿಡಿದುಕೊಂಡು ಜಗಲಿಯ ಮೇಲೆ ಕೂತ.

"ಮೊದಲೇ ಹೇಳಿದೆ," ಅಂದ ಕರಿಹೊನ್ನ. ನೊರೆ ತುಂಬಿದ್ದರಿಂದ ಹಂಡೆಯೊಳಕ್ಕೆ ಗಾಳಿ ಹೋಗಿರಲಿಲ್ಲ. ಮುಚ್ಚಳ ತಂದು ಮತ್ತೆ ಮುಚ್ಚಿದ.

ಮೂರನೆಯ ಹುಣ್ಣಿಮೆಯ ಬೆಳಿಗ್ಗೆ ಯಾಳಿ ಸೊಂಡಿಲು ಅದ್ದಿತು. ಈ ಸಲ ಹೊರಗೆ ತೆಗೆಯಲಿಲ್ಲ. ಹೀರಿತು. ಹಂಡೆಯ ತಳ ನೆಕ್ಕಿತು. "ಹೂಂ," ಅಂದಿತು. ಮುಂಗಾಲು ಮಡಚಿತು, ಹಿಂಗಾಲು ಮಡಚಿತು, ಕೋಟೆ ಬಾಗಿಲು ಅಲುಗುವ ಹಾಗೆ ಗೊರಕೆ ಹೊಡೆಯಿತು.

ಕರಿಹೊನ್ನ ಅದರ ಕೇಸರದೊಳಗೆ ಕೈ ಹಾಕಿ ಗಂಟೆಯನ್ನು ಬಡಿದ.

ಬಾವಿಕಟ್ಟೆಯ ಹದಿನೆಂಟು ಜನ ನಿಂತುಹೋಗಿದ್ದ ನಗುವನ್ನು ನಕ್ಕು ಮುಗಿಸಿದರು. ಕರಿಹೊನ್ನ ಓಡಿ ಬಂದ. ಸಣ್ಣೀರಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಏನು ನೋಡ್ತಾ ನಿಂತಿದ್ದೀಯ? ಕೊಡ ಇಳಿಸು. ಸೊಂಟ ಬಿದ್ದುಹೋಯ್ತು."

ಅವನು ಕೊಡ ಇಳಿಸಿದ. ಅವಳ ಮಣಿಕಟ್ಟು ಹಿಡಿದ. ಬಿಸಿಯಾಗಿತ್ತು. ಬಿಡಲಿಲ್ಲ.

ಯಾಳಿ ಒಂಬತ್ತು ದಿನ ಮಲಗಿ ಎದ್ದು, ಕೋಟೆ ಕಾಯಲು ತಾನೇ ಒಪ್ಪಿತು. ವರ್ಷಕ್ಕೆ ಒಂದು ಹಂಡೆ ಅದರ ಸಂಬಳ. ಆ ಹಂಡೆಯ ದಿನ ನೂರು ಸಲ ಬಂಡೆ ಹತ್ತಿ ಸುರಿಯುವ ಕೆಲಸ ಕಪಾಲಜಡನದು. ಬಾಯಾರಿದರೆ ಅವನು ಸಣ್ಣೀರಿಯ ಮುಂದೆ ಬೊಗಸೆ ಒಡ್ಡುತ್ತಾನೆ. ಅವಳು ಹೊಯ್ಯುತ್ತಾಳೆ. ಕುಡಿಕೆನಾಡಿನಲ್ಲಿ ಎಲ್ಲರೂ ಚೆನ್ನಾಗಿದ್ದಾರೆ.