ಕೆನೆ ಮೊದಲು, ಜಾಮ್ ಆಮೇಲೆ

ಟ್ಯಾಮ್ಸಿನ್‌ಗೆ ಒಂದು ಚಿಂತೆ. ಯಾರ ಹತ್ತಿರವೂ ಹೇಳಿಕೊಳ್ಳಲಾಗದಂಥ ಸಣ್ಣ ಚಿಂತೆ.

'ಅವರು ಒಳಗೆ ಬಂದರೆ ಸಾಕು, ನನ್ನ ಅಂಗೈ ಬೆಚ್ಚಗಾಗಿಬಿಡುತ್ತೆ...'

ಚಹಾದ ಜೊತೆ ತಿನ್ನುವ ಬನ್ನಿನಂಥ ಸ್ಕೋನ್ ಮಾಡುವವಳ ಕೈ ತಣ್ಣಗಿರಬೇಕು. ಹಿಟ್ಟಿಗೆ ಬೆಣ್ಣೆ ಉಜ್ಜುವಾಗ ಬೆರಳು ಬಿಸಿಯಾದರೆ ಬೆಣ್ಣೆ ಕರಗುತ್ತದೆ, ಸ್ಕೋನ್ ಉಬ್ಬುವುದೇ ಇಲ್ಲ.

"ಇದೇನೇ, ಸ್ಕೋನೋ, ದೋಣಿಗೆ ಕಟ್ಟೋ ಕಲ್ಲೋ?" ಹೆಸ್ಟರ್ ಅತ್ತೆ ಒಂದನ್ನು ಮೇಜಿಗೆ ಕುಟ್ಟಿ ನೋಡಿದಳು. ಕಾರ್ನ್‌ವಾಲ್‌ನ ಆ ಪುಟ್ಟ ಬಂದರಿನಲ್ಲಿ ಚಹಾದಂಗಡಿ ಈ ಸೋದರತ್ತೆಯದು, ಸ್ಕೋನ್ ಮಾಡುವ ಕೆಲಸ ಟ್ಯಾಮ್ಸಿನ್‌ಳದು.

ಟ್ಯಾಮ್ಸಿನ್ ತಲೆ ತಗ್ಗಿಸಿದಳು. ಕಾರಣ ಹೇಳುವುದಾದರೂ ಹೇಗೆ?

ಕಾರಣದ ಹೆಸರು ರೋಲಂಡ್. ನದಿಯಾಚೆಯ ಡೆವನ್‌ನಿಂದ ದೋಣಿ ರಿಪೇರಿಗೆ ಬಂದವನು. ಮೊದಲ ದಿನವೇ ಸ್ಕೋನ್ ಎರಡು ಹೋಳು ಮಾಡಿ, ಕೆನೆ ಬಳಿದು, ಅದರ ಮೇಲೆ ಜಾಮ್ ಇಟ್ಟಿದ್ದ! ಇಡೀ ಅಂಗಡಿಯೇ ತಿರುಗಿ ನೋಡಿತ್ತು.

"ಅಯ್ಯೋ ದೇವ್ರೇ! ಇಲ್ಲಿ ಜಾಮ್ ಮೊದ್ಲು, ಕೆನೆ ಆಮೇಲೆ ಕಣಯ್ಯಾ! ನಿಮ್ಮೂರಲ್ಲಿ ಚಡ್ಡೀನೂ ಪ್ಯಾಂಟಿನ ಮೇಲೇ ಹಾಕ್ಕೋತೀರಾ?" ಎಂದಿದ್ದಳು ಅತ್ತೆ.

ಅವನ ಕಿವಿ ಕೆಂಪಾಗಿತ್ತು. ಆದರೂ ನಕ್ಕಿದ್ದ. ಆ ನಗುವಿಗೇ ಟ್ಯಾಮ್ಸಿನ್ ಸೋತಿದ್ದಳು.

ಅಂದಿನಿಂದ ಅವನು ಜಾಮನ್ನೇ ಮೊದಲು ಬಳಿಯುತ್ತಿದ್ದ. ಮನಸ್ಸಿಲ್ಲದಿದ್ದರೂ... ಅದು ಅವಳಿಗೆ ಕಾಣುತ್ತಿತ್ತು.

ಈಗ ದೋಣಿ ಕಾರ್ಖಾನೆಯ ಯಜಮಾನ ಅವನಿಗೆ ಕಾಯಂ ಕೆಲಸ ಕೊಡುತ್ತೇನೆಂದಿದ್ದ. ಇರುತ್ತಾನೋ ಹೋಗುತ್ತಾನೋ, ಇವತ್ತು ಸಂಜೆಯೊಳಗೆ ಹೇಳಬೇಕಿತ್ತು.

'ಇರಿ ಅಂತ ಹೇಳಲಾ? ಹೇಳೋಕೆ ನಾನ್ಯಾರು?'

ಬಾಯಿಬಿಟ್ಟು ಹೇಳಲಾಗದವಳು ಕೈಯಿಂದ ಹೇಳಲು ಹೊರಟಳು. ಚೆನ್ನಾಗಿ ಉಬ್ಬಿದ ಒಂದು ಸ್ಕೋನ್ ಆರಿಸಿ, ಮೊದಲು ಕೆನೆ ಬಳಿದು, ಮೇಲೆ ಜಾಮ್ ಇಟ್ಟು, ಎಂದಿನಂತೆ ಚಹಾಕ್ಕೆ ನಗುತ್ತಾ ಬಂದು ಕೂತಿದ್ದ ಅವನ ಮುಂದೆ ತಾನೇ ತಂದಿಟ್ಟಳು.

ಅವನ ನಗು ನಿಂತುಹೋಯಿತು.

"ಕೆನೆ ಮೊದ್ಲು... ನಮ್ಮೂರಿನ ಥರ."

"ಹ್ಞೂಂ..."

"ನೀನೇ ಮಾಡಿದ್ದಾ?"

"ಹ್ಞೂಂ."

'ಮಾತಾಡು ಟ್ಯಾಮ್ಸಿನ್, ಮಾತಾಡು!'

ರೋಲಂಡ್ ತಿನ್ನದೆಯೇ ಎದ್ದು ನಿಂತ. "ಅರ್ಥ ಆಯ್ತು. ಎಷ್ಟು ದಿನ ನಿಮ್ಮ ಥರ ತಿಂದ್ರೂ ನಾನು ಆಚೆ ದಡದೋನೇ, ಅಲ್ವಾ? ಬೇರೆ ಯಾರು ಅಂದಿದ್ರೂ ನಕ್ಕು ಸುಮ್ಮನಾಗ್ತಿದ್ದೆ... ಯಜಮಾನರಿಗೆ ಆಗಲ್ಲ ಅಂತ ಹೇಳ್ಬಿಡ್ತೀನಿ."

ಬಾಗಿಲು ಮುಚ್ಚಿಕೊಂಡಿತು.

ಅಯ್ಯೋ! ಅವಳು ಪ್ರೀತಿಯೆಂದು ಬಡಿಸಿದ್ದನ್ನು ಅವನು ಹೊರದಬ್ಬುವುದೆಂದು ತಿಳಿದಿದ್ದ. ಕಾಲು ಕಿತ್ತಿಡಲೂ ಆಗದೆ, ಅಳಲೂ ಆಗದೆ ನಿಂತುಬಿಟ್ಟಳು.

ಅತ್ತೆ ತಟ್ಟೆ ನೋಡಿದಳು. "ನನ್ನಂಗಡೀಲಿ ಕೆನೆ ಮೊದ್ಲಾ? ಯಾರೇ ಹೀಗೆ ಮಾಡಿದ್ದು?"

"ನಾನೇ ಅತ್ತೆ... ಅವ್ರಿಗೆ ಇಷ್ಟ ಅಂತ..."

ಅತ್ತೆ ಅವಳ ಮುಖವನ್ನೇ ದಿಟ್ಟಿಸಿದಳು. "ಅಯ್ಯೋ ಪೆದ್ದಿ! ಇಲ್ಲಿ ನನಗೆ ಹೇಳಿದ್ರೆ ಏನು ಬಂತು? ಓಡೇ!"

ಹಿಟ್ಟು ಮೆತ್ತಿದ ಏಪ್ರನ್‌ನಲ್ಲೇ ಓಡಿದಳು. ಕಾರ್ಖಾನೆಯ ಗೇಟಿಗೆ ಅವನು ಕೈ ಹಾಕಿದ್ದ.

"ರೋಲಂಡ್!"

ತನ್ನ ಕೂಗಿಗೆ ತಾನೇ ಬೆಚ್ಚಿದಳು. ಅವನು ತಿರುಗಿದ.

"ಅದು... ನಿಮ್ಮನ್ನ ಹೊರಗಿನೋರು ಅಂತ ಅಲ್ಲ..."

"ಮತ್ತೆ?"

ಅವಳ ಕಣ್ಣು ತುಂಬಿತು. ಅವನು ಎರಡು ಹೆಜ್ಜೆ ಹತ್ತಿರ ಬಂದ.

"ಹೇಳು ಟ್ಯಾಮ್ಸಿನ್. ಒಮ್ಮೆ ತಪ್ಪು ತಿಳ್ಕೊಂಡೆ. ಇನ್ನೊಂದ್ಸಲ ನಾನಾಗೇ ಏನೇನೋ ಅಂದ್ಕೊಳ್ಳೋ ಧೈರ್ಯ ನನಗಿಲ್ಲ."

"ನಂಗೆ ಮಾತು ಬರಲ್ಲ..."

"ಒಂದೇ ಮಾತು ಸಾಕು. ಕಾಯ್ತೀನಿ."

ಅವಳು ಕಣ್ಣು ಮುಚ್ಚಿದಳು. ಮತ್ತೆ ತೆರೆದು, ಮೊದಲ ಸಲ ಅವನನ್ನು ನೇರವಾಗಿ ನೋಡಿದಳು.

"ನಂಗೆ ನೀವು ಬೇಕು. ಹೋಗ್ಬೇಡಿ."